ಕಟ್ಲರಿ, ಕಟ್ಲರ್, ಟ್ಯಾಂಗ್: ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕು ಕಸುಬಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ‘ಕಟ್ಲರಿ’ ಎದುರಾಯಿತು. ನಮ್ಮಲ್ಲಿ ಕಟ್ಲರಿ ಎಂದರೆ ಹೋಟೆಲಿನ ಮೇಜಿನ ಮೇಲೆ ಇಡುವ ಚಮಚ, ಫೋರ್ಕು, ಜೊತೆಗೊಂದು ಮೊಂಡು ಚಾಕು. ಆ ಅರ್ಥ ಹಿಡಿದು ಬರೆದರೆ ಶೆಫೀಲ್ಡ್ ಚಮಚದ ಊರಾಗಿಬಿಡುತ್ತದೆ. 1624ರಲ್ಲಿ ಅಲ್ಲಿನ ಕಟ್ಲರ್‌ಗಳ, ಅಂದರೆ ಚಾಕು ಮಾಡುವವರ, ಸಂಘಕ್ಕೆ ಪಾರ್ಲಿಮೆಂಟು ಕಾನೂನಿನ ಮಾನ್ಯತೆ ಕೊಟ್ಟಾಗ ಹೆಸರು ಹೇಳಿದ್ದು ಚಾಕು, ಕುಡುಗೋಲು, ಸಣ್ಣ ಕತ್ತರಿ, ದೊಡ್ಡ ಕತ್ತರಿಗಳದ್ದು. ಚಮಚದ ಮಾತೇ ಇಲ್ಲ. ಮುಂದೆ ಊಟದ ಮೇಜಿಗೆ ಫೋರ್ಕು ಬಂತು, ಅದನ್ನೂ ಅದೇ ಊರಿನವರು ಮಾಡಿದರು, ಪದದ ಅರ್ಥವೂ ಹಿಗ್ಗಿತು. ಅಮೆರಿಕದವರು ಮೇಜಿನ ಸಾಮಾನಿಗೆ ಸಿಲ್ವರ್‌ವೇರ್, ಫ್ಲಾಟ್‌ವೇರ್ ಎಂದು ಬೇರೆ ಪದಗಳನ್ನೇ ಬಳಸುತ್ತಾರೆ.

ಮೂಲ ಹುಡುಕಿದರೆ ದಾರಿ ಸಿಕ್ಕೀತೆಂದು ನಿಘಂಟು ತೆರೆದೆ. ಕಟ್ಲರಿಯೊಳಗೆ ‘ಕಟ್’ ಇದೆ ಎಂದು ಯಾರಿಗಾದರೂ ಅನ್ನಿಸುತ್ತದೆ, ಆದರೆ ಇಲ್ಲ. ಲ್ಯಾಟಿನ್ನಿನ ‘ಕುಲ್ಟರ್’ ಎಂದರೆ ಚಾಕು, ನೇಗಿಲಿನ ಮುಂದೆ ಮಣ್ಣು ಸೀಳುವ ಅಲಗು ಕೂಡ. ಅದರ ಕಿರುರೂಪ ‘ಕುಲ್ಟೆಲ್ಲುಸ್’ನಿಂದ ಫ್ರೆಂಚಿನ ‘ಕೂತೊ’ ಹುಟ್ಟಿತು. ಚಾಕು ಮಾಡುವವನಿಗಿದ್ದ ಫ್ರೆಂಚ್ ಹೆಸರೇ ಇಂಗ್ಲಿಷಿನಲ್ಲಿ ಕಟ್ಲರ್ ಆಯಿತು. ‘ಕಟ್’ ಎಂಬ ಕ್ರಿಯಾಪದ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದೇ 1300ರ ಆಸುಪಾಸಿನಲ್ಲಿ. ಅದಕ್ಕೂ ಹಿಂದೆ ಕತ್ತರಿಸುವ ಕೆಲಸಕ್ಕೆ ಇಂದಿನ ‘ಕಾರ್ವ್’, ‘ಶಿಯರ್’ಗಳ ಪೂರ್ವಜರು ಇದ್ದರು.

ನಾವಿಕರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಗಿಡ್ಡ ಬಾಗುಕತ್ತಿ ‘ಕಟ್ಲಾಸ್’ ಕೂಡ ಇದೇ ಕೂತೊ ಮನೆತನದ್ದು. ಷೇಕ್ಸ್‌ಪಿಯರನ ಕಾಲದ ಇಂಗ್ಲಿಷರ ಕಿವಿಗೆ ಅದರ ಕೊನೆಯಲ್ಲಿ ಕೊಡಲಿ ಕೇಳಿಸಿತ್ತು, ‘ಕರ್ಟಲ್ ಆ್ಯಕ್ಸ್’ ಎಂದೂ ಬರೆದರು. ಕೊಡಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಬೇಕರಿಗಳ ಕಟ್ಲೆಟ್ಟಿನಲ್ಲೂ ಕಟ್ ಇಲ್ಲ. ಅದು ಫ್ರೆಂಚಿನ ‘ಕೋತ್ಲೆತ್’, ಅಂದರೆ ಪುಟ್ಟ ಪಕ್ಕೆಲುಬು. ಎಲುಬಿನ ಹೆಸರು ಹೊತ್ತ ತಿಂಡಿ ನಮ್ಮಲ್ಲಿಗೆ ಬಂದು ಆಲೂಗಡ್ಡೆ, ಬೀಟ್‌ರೂಟ್ ತುಂಬಿಕೊಂಡಿತು. ‘ಸಿಸರ್ಸ್’ ಪದಕ್ಕಂತೂ ಕಾಗುಣಿತದಲ್ಲೇ ಗಾಯವಾಗಿದೆ. ಹಳೆಯ ಬರಹಗಳಲ್ಲಿ ಮೊದಲಿಗೆ ‘ಎಸ್’ ಅಥವಾ ‘ಸಿ’ ಒಂದೇ ಇತ್ತು. ಲ್ಯಾಟಿನ್ನಿನಲ್ಲಿ ಸೀಳುವುದಕ್ಕಿರುವ ಬೇರೊಂದು ಪದ ನೆನಪಾಗಿ, ಓದಿಕೊಂಡವರು 16ನೇ ಶತಮಾನದಲ್ಲಿ ಅದರಂತೆ ‘ಎಸ್’ನ ಪಕ್ಕದಲ್ಲೇ ‘ಸಿ’ ಅಕ್ಷರವನ್ನೂ ಸೇರಿಸಿದರು. ಉಚ್ಚಾರಕ್ಕೆ ಬಾರದ ಆ ಅಕ್ಷರವನ್ನು ಇವತ್ತಿಗೂ ಮಕ್ಕಳು ಬಾಯಿಪಾಠ ಮಾಡುತ್ತಿದ್ದಾರೆ.

ಹೀಗೆ ಕಿವಿ ಬೆಸೆದ ನಂಟು ನಮ್ಮಲ್ಲೂ ಇರಬಹುದು ಎಂಬ ಗುಮಾನಿ ನನ್ನದು. ಕತ್ತರಿಯನ್ನು ಸಂಸ್ಕೃತದ ಕರ್ತರಿಯ ತದ್ಭವ ಎಂದು ಕಲಿತಿದ್ದೇವೆ. ಕತ್ತಿಯಾದರೋ ತಮಿಳು, ಮಲಯಾಳ, ತೆಲುಗು, ತುಳು, ಕೊಡವಗಳಲ್ಲೆಲ್ಲ ಇದೆ. ಕೇಳಿದರೆ ಎರಡೂ ಒಂದೇ ಬೇರಿನವು ಅನ್ನಿಸುತ್ತವೆ. ವ್ಯಾಕರಣ ಬಲ್ಲವರು ಇದರ ಬಗ್ಗೆ ನಾಲ್ಕು ಮಾತು ಬರೆಯಬೇಕು.

ಈಗ ಅನುವಾದದ ತೊಡಕಿಗೆ ಬರುತ್ತೇನೆ. ಕಟ್ಲರನನ್ನು ಕಮ್ಮಾರ ಅನ್ನಲಾಗದು. ಶೆಫೀಲ್ಡಿನಲ್ಲಿ ಒಂದು ಚಾಕು ಮೂವರ ಕೈ ದಾಟಬೇಕಿತ್ತು: ಕುಲುಮೆಯಲ್ಲಿ ಅಲಗು ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಕೂರಿಸಿ ಚಾಕುವನ್ನು ಪೂರ್ತಿ ಮಾಡುವವನು ಕಟ್ಲರ್. ಸಾಣೆಯವನು ಮರದ ಪೀಠದ ಆಚೀಚೆ ಕಾಲು ಹಾಕಿ ಕೂತು, ಮುಂದಕ್ಕೆ ಬಾಗಿ, ತೊಟ್ಟಿಯ ನೀರಿನಲ್ಲಿ ತೋಯುತ್ತ ತಿರುಗುವ ಮರಳುಗಲ್ಲಿಗೆ ಅಲಗನ್ನು ಒತ್ತುತ್ತಿದ್ದ. ಕುದುರೆ ಏರಿದಂತೆ ಕೂರುವ ಆ ಪೀಠಕ್ಕೆ ಅವರ ಬಾಯಲ್ಲಿ ‘ಹಾರ್ಸಿಂಗ್’, ಕಲ್ಲಿನ ಪುಡಿಯೂ ಉಕ್ಕಿನ ಪುಡಿಯೂ ಕಲೆತ ಹಳದಿ ಕೆಸರಿಗೆ ‘ಸ್ವಾರ್ಫ್’. ಫೋರ್ಕನ್ನಾದರೋ ಒಣಕಲ್ಲಿನ ಮೇಲೆ ಉಜ್ಜುತ್ತಿದ್ದರು. ಆ ದೂಳು ಎದೆಗೆ ಇಳಿದು ಫೋರ್ಕಿನ ಸಾಣೆಯವರು ಎಳೆಯ ಪ್ರಾಯದಲ್ಲೇ ಸಾಯುತ್ತಿದ್ದರು. ಇಷ್ಟು ಕಷ್ಟಪಟ್ಟವರ ಕಸುಬಿಗೆ ಸರಿಯಾದ ಹೆಸರು ಕೊಡದೆ ಮುಂದೆ ಹೋಗಲು ನನಗೆ ಮನಸ್ಸು ಬರುತ್ತಿಲ್ಲ.

ಸದ್ಯಕ್ಕೆ ಕಟ್ಲರಿಗೆ ‘ಚಾಕು ಕತ್ತರಿ ಕಸುಬು’ ಎಂದೂ ಮೇಜಿನ ಅರ್ಥ ಬಂದಲ್ಲಿ ‘ಚಮಚ-ಚಾಕು’ ಎಂದೂ ಬರೆದಿದ್ದೇನೆ. ಕಟ್ಲರ್‌ಗೆ ‘ಚಾಕುಗಾರ’ ಹೊಳೆದಿದೆ, ಕಿವಿಗೆ ಇನ್ನೂ ಹೊಂದಿಕೊಂಡಿಲ್ಲ. ‘ಕತ್ತಿಗಾರ’ ಬೇಡ. ಬಯಲುಸೀಮೆಯವರಿಗೆ ಕತ್ತಿ ಎಂದರೆ ಖಡ್ಗ. ಕರಾವಳಿ, ಮಲೆನಾಡಿನವರಿಗೆ ದಿನಾ ತೋಟಕ್ಕೆ ಒಯ್ಯುವ ಸಲಕರಣೆ. ಓದುವವರಲ್ಲಿ ಅರ್ಧ ಜನ ದಾರಿ ತಪ್ಪುತ್ತಾರೆ.

‘ಬ್ಲೇಡ್’ಗೆ ‘ಅಲಗು’ ಸರಿಹೋಗಿದೆ. ಬ್ಲೇಡಿನ ಮೂಲಾರ್ಥ ಎಲೆ. ಹುಲ್ಲಿನ ಬ್ಲೇಡಿಗೆ ನಮ್ಮ ‘ಗರಿ’ ಇದೆ. ‘ಎಜ್’ ಬಂದಲ್ಲಿ ಕೆಲವು ಕಡೆ ‘ಬಾಯಿ’ ಎಂದೇ ಬರೆದೆ, ಕೊಡಲಿಯ ಬಾಯಿ ಅನ್ನುತ್ತೇವಲ್ಲ, ಹಾಗೆ.

ಕೈಕೊಟ್ಟಿರುವುದು ‘ಟ್ಯಾಂಗ್’. ಅಲಗಿನ ಹಿಂದಿನ ತುದಿ ಸಣ್ಣಗಾಗಿ ಹಿಡಿಯೊಳಗೆ ಹೊಗುತ್ತದಲ್ಲ, ಆ ಕಬ್ಬಿಣದ ಭಾಗ. ಕುಡುಗೋಲು, ಮಚ್ಚು, ಉಳಿಗಳಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ. ಹೊರಗಿನ ಮರದ ಭಾಗಕ್ಕೆ ಹಿಡಿ, ಕಾವು ಎಂಬ ಪದಗಳಿವೆ. ಒಳಗೆ ಅಡಗಿದ ಕಬ್ಬಿಣದ ಹೆಸರು ಬೇಕಾಗಿದೆ. ಕುಲುಮೆಯ ಮನೆಗಳಲ್ಲಿ ಹುಟ್ಟಿ ಬೆಳೆದವರು, ಬಡಗಿ ಕೆಲಸ ಬಲ್ಲವರು ಬಳಗದಲ್ಲಿದ್ದೀರಿ. ನಿಮ್ಮ ಕಡೆ ಅದಕ್ಕೆ ಏನನ್ನುತ್ತಾರೆ? ಪದದ ಜೊತೆಗೆ ಊರನ್ನೂ ಬರೆಯಿರಿ, ಹಿರಿಯರು ಆಡಿದ್ದನ್ನು ಕೇಳಿದ ಹಾಗೇ ಬರೆದರೂ ಆದೀತು.