ಅಪ್‌ಡೇಟ್: ಸ್ಟೀಲ್ ಲೋಟದಲ್ಲಿ ಕ್ಯಾಮೆರಾ ಕಾಣುವ ಸಮಸ್ಯೆ ಬಗೆಹರಿದಿದೆ

ಹೊಳೆಯುವ ಸ್ಟೀಲ್ ಕಾಫಿ ಲೋಟದ ಕ್ಯಾಟಲಾಗ್ ಫೋಟೊದಲ್ಲಿ ಕ್ಯಾಮೆರಾ, ಟ್ರೈಪಾಡ್, ಗೋಡೆ ಎಲ್ಲ ಕಾಣುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಪೋಲರೈಜರ್ (ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಫಿಲ್ಟರ್) ಹಾಕಿ ಎಂದು ಕೆಲವರು ಹೇಳಿದ್ದಿರಿ. ಗಾಜು, ವಾರ್ನಿಷ್, ಪ್ಲಾಸ್ಟಿಕ್‌ನ ಹೊಳಪಿಗೆ ಅದು ಸರಿ. ಬರಿಯ ಲೋಹದ ಪ್ರತಿಫಲನವನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಫಲ ಕೊಟ್ಟದ್ದು, ಲೋಟದ ಸುತ್ತ ಏನಿದೆಯೋ ಅದನ್ನೇ ಬದಲಿಸುವ ಸಲಹೆ.

ಎರಡೂ ಬದಿಗೆ ಸುಮಾರು ಒಂದಡಿ ದೂರದಲ್ಲಿ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಕಟ್ಟಿ, ಆ ಪೇಪರಿನ ಹಿಂದೆ ಫ್ಲ್ಯಾಶ್ ಇಡಬೇಕು. ಪೇಪರ್ ಸುಕ್ಕಾದರೆ ಸುಕ್ಕೂ ಲೋಟದಲ್ಲಿ ಮೂಡುತ್ತದೆ. ಫ್ಲ್ಯಾಶ್ ಪೇಪರಿಗೆ ತೀರಾ ಹತ್ತಿರವಿದ್ದರೆ ನಡುವೆ ಬಿಳಿ ಮಚ್ಚೆ. ಹಿಂದಕ್ಕೆ ಎಳೆದಷ್ಟೂ ಬೆಳಕು ಹಾಳೆಯ ತುಂಬ ಹರಡುತ್ತದೆ. ಫ್ಲ್ಯಾಶನ್ನು ಕೊಂಚ ಓರೆಯಾಗಿಸಿದಾಗ ಬಿಳಿಯಿಂದ ಬೂದಿಗೆ ನಿಧಾನವಾಗಿ ಇಳಿಯುವ ಛಾಯೆ ಸಿಗುತ್ತದೆ. ಲೋಟ ದುಂಡಗೆ ಕಾಣುವುದು ಅದರಿಂದಲೇ. ಲೈಟ್ ಟೆಂಟ್‌ನಲ್ಲಿ (ವಸ್ತುವನ್ನು ಒಳಗಿಟ್ಟು ಫೋಟೊ ತೆಗೆಯುವ ಬಿಳಿ ಬಟ್ಟೆಯ ಗೂಡು) ಸುತ್ತಲೂ ಬರಿ ಬಿಳಿ, ಹಾಗಾಗಿ ಲೋಟ ಚಪ್ಪಟೆಯಾಗುತ್ತದೆ.

ಬಿಳಿ ಹಿನ್ನೆಲೆಯಲ್ಲಿ ಅಂಚು ಕರಗಿಹೋಗದಿರಲು ಫ್ರೇಮಿನ ಹೊರಗೆ, ಎಡಬಲಕ್ಕೆ ಕಪ್ಪು ಕಾರ್ಡಿನ ಕಿರಿದಾದ ಪಟ್ಟಿ ನಿಲ್ಲಿಸಿ. ಅದು ಲೋಟದ ಅಂಚಿನಲ್ಲಿ ಕಪ್ಪು ಗೆರೆಯಾಗಿ ಮೂಡುತ್ತದೆ. ಪಟ್ಟಿ ಒಂದಿಂಚು ಸರಿದರೂ ಗೆರೆಯ ದಪ್ಪ ಬದಲಾಗುತ್ತದೆ, ಇದಕ್ಕೆ ತಾಳ್ಮೆ ಬೇಕೇ ಬೇಕು.

ಕ್ಯಾಮೆರಾ ಮುಂದೆ ಲೆನ್ಸಿನಷ್ಟೇ ತೂತಿರುವ ಬಿಳಿ ಹಾಳೆ ಇಟ್ಟರೆ ಲೋಟದಲ್ಲಿ ಲೆನ್ಸ್ ಮಾತ್ರ ಕಪ್ಪು ಚುಕ್ಕಿಯಾಗಿ ಕಾಣುತ್ತದೆ. 100 ಎಂಎಂ ಲೆನ್ಸಿನಿಂದ ದೂರ ನಿಂತರೆ ಆ ಚುಕ್ಕಿ ಚಿಕ್ಕದಾಗಿ, ರಿಟಚ್‌ಗೆ (ಫೋಟೊವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು) ಸುಲಭ. ಕ್ಯಾಮೆರಾ ಸೆಟ್ಟಿಂಗ್: ಅಪರ್ಚರ್ ಎಫ್/11, ಐಎಸ್‌ಒ 100, ಶಟರ್ 1/125 ಸೆಕೆಂಡ್. ಕೋಣೆಯ ದೀಪಗಳು ಆಫ್. ಲೋಟ ಮುಟ್ಟುವಾಗ ಹತ್ತಿಯ ಗ್ಲೌಸ್ ಇರಲಿ, ಬೆರಳಚ್ಚು ಅಳಿಸುವ ರಿಟಚ್ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ.