ಗೋಡೆಗೆ ಕೂರಿಸುವ ಗ್ಯಾರೇಜ್ ಮೋಟರ್: ಆರ್ಡರ್ ಮಾಡುವ ಮುಂಚೆ ಕೇಳು

ಪುಟ್ಟಾ, ಮನೆಯವರ ಗ್ರೂಪ್‌ನಲ್ಲಿ ನಿನ್ನ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ, ಕೆಲಸದ ಮಧ್ಯೆ ಉತ್ತರ ಕೊಡಲು ಆಗಲಿಲ್ಲ. ಗ್ಯಾರೇಜಿನ ಸೀಲಿಂಗಿಗೆ ಸಾಮಾನಿನ ರ‍್ಯಾಕ್ ಹಾಕಿಸಬೇಕು, ಬಾಗಿಲು ಎತ್ತುವ ಹಳೇ ಮೋಟರಿನ ಉದ್ದ ಕಂಬಿ ಅಡ್ಡ ಬರುತ್ತಿದೆ, ಗೋಡೆಗೆ ಕೂರಿಸುವ ಮೋಟರ್ ಇವತ್ತೇ ಆರ್ಡರ್ ಮಾಡಲಾ ಅಂತ ಕೇಳಿದ್ದೀಯ. ಬಲಗಡೆ ಜಾಗ ಕಮ್ಮಿ ಅಂತಲೂ ಬರೆದಿದ್ದೀಯ. ಒಂದು ದಿನ ತಡಿ. ಮೊದಲು ಟೇಪ್ ಹಿಡಿ.

ದೊಡ್ಡಪ್ಪ, ನೀವು ಇದೇನು ಅಂತ ಕೇಳಿದ್ದಿರಿ ಅಲ್ವಾ? ಅಮೆರಿಕದಲ್ಲಿ ಗ್ಯಾರೇಜಿನ ಬಾಗಿಲು ಅಡ್ಡಡ್ಡ ಹಲಗೆಗಳಾಗಿ ಬಾಗಿಕೊಂಡು ಮೇಲೆ ಹೋಗಿ ಸೀಲಿಂಗಿನ ಕೆಳಗೆ ಮಲಗುತ್ತದೆ. ಬಾಗಿಲ ಮೇಲ್ಗಡೆ ಒಂದು ರಾಡ್, ಅದರ ಸುತ್ತ ಸ್ಪ್ರಿಂಗ್. ನಮ್ಮೂರ ಅಂಗಡಿಯ ಶಟರ್‌ನಲ್ಲೂ ಭಾರ ಹೊರುವುದು ಸ್ಪ್ರಿಂಗೇ ಅಲ್ವಾ, ಹಾಗೆ. ಮಾಮೂಲಿ ಮೋಟರ್ ಬಾಗಿಲನ್ನೇ ಎಳೆಯುತ್ತದೆ. ಗೋಡೆಯದು ಆ ರಾಡನ್ನು ಮಾತ್ರ ತಿರುಗಿಸುತ್ತದೆ.

ಪುಟ್ಟಾ, ನಿನ್ನ ಸ್ಪ್ರಿಂಗ್ ರಾಡಿನ ಮೇಲೇ ಇದೆಯಾ ನೋಡು. ಎರಡೂ ಪಕ್ಕದಲ್ಲಿ ಬಾಗಿಲು ಓಡುವ ಹಳಿಗಳ ಉದ್ದಕ್ಕೆ ಎಳೆದು ಕಟ್ಟಿದ ಸ್ಪ್ರಿಂಗ್ ಆದರೆ ಈ ಮೋಟರ್ ಆಗುವುದೇ ಇಲ್ಲ. ಆಮೇಲೆ ಅಳತೆ. ರಾಡಿನ ತುದಿಯಿಂದ ಪಕ್ಕದ ಗೋಡೆಗೆ 8ರಿಂದ 9 ಇಂಚು ಬೇಕಾಗುತ್ತದೆ, ನಿನ್ನ ಮಾಡೆಲ್‌ಗೆ ಸರಿಯಾಗಿ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬಾಗಿಲ ಚೌಕಟ್ಟಿನಿಂದ ಅಳೆಯಬೇಡ, ನಾನು ಹಾಗೆ ಮಾಡಿ ಮೋಸ ಹೋದೆ. ನಮ್ಮಲ್ಲಿ ಬಲಗಡೆ ನೀರಿನ ಪೈಪ್ ಇತ್ತು, ಅದನ್ನು ಬಿಟ್ಟರೆ ಸಿಕ್ಕಿದ್ದು 6 ಇಂಚು. ಎರಡು ವಾರ ತಲೆ ಕೆಡಿಸಿಕೊಂಡೆವು. ಕೊನೆಗೆ ನೋಡಿದರೆ ಅದೇ ಮೋಟರನ್ನು ಎಡಗಡೆಗೂ ಕೂರಿಸಬಹುದು! ನೀನೂ ಎಡಗಡೆ ಅಳೆದು ನೋಡು.

ಇನ್ನೊಂದು ಪರೀಕ್ಷೆ ಮಾಡು. ಬಾಗಿಲು ಮುಚ್ಚಿರುವಾಗ ಕೆಂಪು ಹಿಡಿಯ ಹಗ್ಗ ಎಳೆದು ಮೋಟರ್ ಬಿಡಿಸು, ಬಾಗಿಲನ್ನು ಕೈಯಲ್ಲೇ ಸೊಂಟದವರೆಗೆ ಎತ್ತು. ಅಲ್ಲೇ ನಿಲ್ಲಬೇಕು. ದಪ್ಪನೆ ಕೆಳಗೆ ಬಂದರೆ ಅಥವಾ ತಾನೇ ಮೇಲಕ್ಕೆ ಓಡಿದರೆ ಸ್ಪ್ರಿಂಗ್ ಸರಿಯಿಲ್ಲ. ಅದನ್ನು ನೀನು ಮುಟ್ಟಬೇಡ, ದಯವಿಟ್ಟು. ಸುತ್ತಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈ ಮುರಿಯುತ್ತದೆ. ಅದಕ್ಕೆ ಕೆಲಸ ಗೊತ್ತಿರುವವರನ್ನೇ ಕರೆಸು.

ಈಗ ನಾನು ನಿಜವಾಗಿ ಹೇಳಬೇಕಾಗಿದ್ದ ಮಾತು. ಈ ಮೋಟರ್ ಬಾಗಿಲನ್ನು ಕೆಳಗೆ ತಳ್ಳುವುದಿಲ್ಲ. ರಾಡ್ ತಿರುಗಿದಂತೆ, ಅದರ ಎರಡೂ ತುದಿಯ ಡ್ರಮ್‌ಗಳಿಗೆ ಸುತ್ತಿ ಬಾಗಿಲನ್ನು ಹಿಡಿದಿರುವ ಕೇಬಲ್ ಬಿಚ್ಚಿಕೊಳ್ಳುತ್ತದೆ, ಬಾಗಿಲು ತನ್ನ ಭಾರದಿಂದಲೇ ಇಳಿಯುತ್ತದೆ. ಮಧ್ಯದಲ್ಲಿ ಬಾಗಿಲು ಸಿಕ್ಕಿಕೊಂಡರೆ? ರಾಡ್ ತಿರುಗುತ್ತಲೇ ಇರುತ್ತದೆ, ಕೇಬಲ್ ಸಡಿಲವಾಗುತ್ತದೆ. ಅದನ್ನು ಕಂಡುಹಿಡಿದು ಮೋಟರ್ ನಿಲ್ಲಿಸಲು ಡಬ್ಬದಲ್ಲೇ ಒಂದು ಚಿಕ್ಕ ಸಾಧನ ಬರುತ್ತದೆ, ಅದರ ಪುಟ್ಟ ಚಕ್ರ ಕೇಬಲ್‌ಗೆ ಒತ್ತಿಕೊಂಡಿರುತ್ತದೆ. ನಮ್ಮನೆಗೆ ಬಂದವನು ಜಾಗ ಇಲ್ಲ, ಬೇಕಾಗಿಲ್ಲ ಅಂತ ಅದನ್ನು ಹಾಕದೆ ಹೋದ. ಒಂದು ದಿನ ಗೋಡೆಗೆ ಒರಗಿಸಿದ್ದ ಏಣಿ ವಾಲಿ ಹಳಿಗೆ ಸಿಕ್ಕಿತ್ತು. ಬಾಗಿಲು ಅರ್ಧದಲ್ಲಿ ನಿಂತಿತು. ಎಡಗಡೆ ಕೇಬಲ್ ಕುಣಿಕೆ ಕುಣಿಕೆಯಾಗಿ ಸಡಿಲಾಗಿ ಡ್ರಮ್‌ನಿಂದ ಜಾರಿತು. ಏಣಿ ಎಳೆದದ್ದೇ ತಡ, ಬಾಗಿಲು ಒಂದು ಪಕ್ಕಕ್ಕೆ ವಾಲಿಕೊಂಡು ಕಿರುಗುಟ್ಟಿತು. ಮಗ ಅಲ್ಲೇ ಎರಡು ಹೆಜ್ಜೆ ದೂರದಲ್ಲಿದ್ದ. ಆ ಸದ್ದು ಇನ್ನೂ ಕಿವಿಯಲ್ಲಿದೆ. ಆದ್ದರಿಂದ ಆ ಸಾಧನ ಹಾಕದೆ ಯಾರನ್ನೂ ಕಳಿಸಬೇಡ, ಎದುರಿಗೆ ನಿಂತು ಹಾಕಿಸು.

ಅಡ್ಡ ಯಾರಾದರೂ ಬಂದರೆ ಬಾಗಿಲನ್ನು ತಡೆಯುವ, ಕೆಳಗಿನ ಎರಡು ಸೆನ್ಸರ್ ಕಣ್ಣುಗಳು ನೆಲದಿಂದ 6 ಇಂಚಿಗಿಂತ ಮೇಲೆ ಹೋಗಬಾರದು, ಚಿಕ್ಕ ಮಕ್ಕಳು ತೆವಳಿ ಬಂದರೂ ಕಾಣಬೇಕಲ್ಲ. ಪ್ಲಗ್ ಪಾಯಿಂಟ್ ಮೋಟರ್ ಹತ್ತಿರವೇ ಇರಲಿ, ಎಕ್ಸ್‌ಟೆನ್ಷನ್ ವೈರ್ ಬೇಡ.

ಸಂಜೆ ರಾಡಿನ ಎರಡೂ ತುದಿಗೆ ಟೇಪ್ ಹಿಡಿದು ಫೋಟೋ ತೆಗೆದು ಇಲ್ಲೇ ಹಾಕು. ನೋಡಿ ಯಾವ ಪಕ್ಕ ಆಗುತ್ತದೆ ಅಂತ ಹೇಳ್ತೀನಿ.