ನಕ್ಷೆಯಲ್ಲಿ ಸೇರಿಕೊಂಡ ಗುರುತುಗಳು: ಗುಂಪೋ, ಗೊಂಚಲೋ?

ಗೆಳೆಯರೇ,

ಒಂದು ವೆಬ್ ನಕ್ಷೆಯ ಬಟನ್, ಸೂಚನೆಗಳನ್ನೆಲ್ಲ ಕನ್ನಡಕ್ಕೆ ತರುತ್ತಿದ್ದೇನೆ. 'ಕ್ಲಸ್ಟರ್' ಅನ್ನೋ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ನಕ್ಷೆಯಲ್ಲಿ ಸಾವಿರಾರು ಗುರುತುಗಳಿದ್ದರೆ ದೂರದಿಂದ ನೋಡುವಾಗ ಒಂದರ ಮೇಲೊಂದು ಬಿದ್ದು ಏನೂ ತಿಳಿಯುವುದಿಲ್ಲ. ಬ್ರೌಸರ್ ಕೂಡ ನಿಧಾನವಾಗುತ್ತದೆ. ಅದಕ್ಕೆ ಅಕ್ಕಪಕ್ಕದವನ್ನು ಸೇರಿಸಿ ಒಂದು ದುಂಡು ಬಿಲ್ಲೆ ಮಾಡಿ, ಎಷ್ಟಿವೆ ಅಂತ ಒಳಗೆ ಅಂಕಿ ತೋರಿಸುತ್ತಾರೆ. ವೆಬ್ ನಕ್ಷೆ ಮಾಡಲು ಬಳಸುವ ಲೀಫ್‌ಲೆಟ್ ತಂತ್ರಾಂಶಕ್ಕೆ ಈ ಕೆಲಸಕ್ಕೆಂದೇ ಮಾರ್ಕರ್‌ಕ್ಲಸ್ಟರ್ ಅನ್ನುವ ಪ್ಲಗಿನ್ (ಸೇರ್ಪಡೆ) ಇದೆ. ಅದರಲ್ಲಿ 10ಕ್ಕಿಂತ ಕಡಿಮೆ ಇದ್ದರೆ ಬಿಲ್ಲೆ ಹಸಿರು, 100ಕ್ಕಿಂತ ಕಡಿಮೆ ಇದ್ದರೆ ಹಳದಿ, ಇನ್ನೂ ಜಾಸ್ತಿ ಆದರೆ ಕಿತ್ತಳೆ ಬಣ್ಣ. ಈ ಬಿಲ್ಲೆಯನ್ನು ಏನಂತ ಕರೆಯೋಣ?

ಮೊದಲು ಹೊಳೆದದ್ದು 'ಗುಂಪು'. ಆದರೆ ಗುಂಪು ಅಂದ ಕೂಡಲೇ ಒಳಗಿರುವವುಗಳ ನಡುವೆ ಏನೋ ನಂಟಿದೆ ಅನ್ನಿಸುತ್ತದೆ, ಅಲ್ವಾ? ಇಲ್ಲಿ ನಂಟೇನೂ ಇಲ್ಲ. ತೆರೆಯ ಮೇಲೆ ಹತ್ತಿರ ಬಿದ್ದಿವೆ, ಅಷ್ಟೇ. ನಾವೇನೂ ಹೇಳದಿದ್ದರೆ ಆ ಪ್ಲಗಿನ್ 80 ಪಿಕ್ಸೆಲ್ ಅಳತೆ ಹಿಡಿದು, ಅದರೊಳಗೆ ಬಿದ್ದವನ್ನು ಸೇರಿಸುತ್ತದೆ. ಎರಡು ಗುರುತುಗಳ ನಡುವೆ 50 ಪಿಕ್ಸೆಲ್ ಇದ್ದರೆ ಅವು ಒಂದಾಗುತ್ತವೆ. ಒಂದು ಹಂತ ಜೂಮ್ ಮಾಡಿ ನೋಡಿ. ಅದೇ ಅಂತರ ಎರಡರಷ್ಟಾಗಿ 100 ಪಿಕ್ಸೆಲ್‌ಗೆ ಬರುತ್ತದೆ, ಎರಡೂ ಬೇರೆಯಾಗುತ್ತವೆ. ಗುರುತುಗಳು ಇದ್ದಲ್ಲೇ ಇವೆ, ನಾವು ಹತ್ತಿರ ಹೋದೆವು. ಜೊತೆಗೆ, ಬಳಸುವವರು ಬೇಕೆಂದೇ ಒಟ್ಟಿಗೆ ಇಟ್ಟುಕೊಂಡ ಗುರುತುಗಳಿಗೆ 'ಗುಂಪು' ಅಂತ ಆಗಲೇ ಬಳಸಿದ್ದೇನೆ. ಎರಡಕ್ಕೂ ಒಂದೇ ಪದವಾದರೆ ಗೊಂದಲ.

'ರಾಶಿ', 'ಗುಡ್ಡೆ' ಬೇಡ ಅನ್ನಿಸಿತು. ರಾಶಿಯಲ್ಲಿ ಲೆಕ್ಕ ಮರೆಯಾಗುತ್ತದೆ, ಇಲ್ಲಿ ಲೆಕ್ಕವೇ ಮುಖ್ಯ. 'ಹಿಂಡು' ದನ ಕುರಿಗಳಿಗೆ ಸರಿ. 'ಗುಚ್ಛ' ಸಣ್ಣ ಬಟನ್ನಿನಲ್ಲಿ ಓದಲು ಕಷ್ಟ.

ನನ್ನ ಮನಸ್ಸು ಈಗ 'ಗೊಂಚಲು' ಕಡೆಗಿದೆ. ಬೀಗದ ಕೈ ಗೊಂಚಲು, ದ್ರಾಕ್ಷಿ ಗೊಂಚಲು ಅಂತೀವಲ್ಲ, ಅದರಲ್ಲಿ ಒಂದೊಂದೂ ತಾನಾಗಿಯೇ ಇರುತ್ತದೆ. ಎಣಿಸಬಹುದು, ಬೇಕಾದ್ದನ್ನು ಬಿಡಿಸಿಕೊಳ್ಳಬಹುದು. ಇನ್ನೂ ಖುಷಿಯ ಸಂಗತಿ ಅಂದರೆ ಇದಕ್ಕೆ ಎದುರಾದ ಮಾತೂ ನಮ್ಮಲ್ಲಿ ಸಿದ್ಧವಾಗಿದೆ. ಬಿಡಿ ಹೂವು, ಬಿಡಿ ಭಾಗ ಅನ್ನುವ ಹಾಗೆ 'ಬಿಡಿ ಗುರುತು'. ಬಿಲ್ಲೆ ಒತ್ತಿದಾಗ ಆಗುವ ಕೆಲಸ 'ಬಿಡಿಸು'. 'ಗೊಂಚಲು ಬಿಡಿಸಿ' ಅಂತ ಬಟನ್ ಮೇಲೆ ಬರೆದರೆ ಯಾರಿಗೂ ವಿವರಿಸಬೇಕಿಲ್ಲ.

ಒಂದೇ ಜಾಗದಲ್ಲಿ ಹತ್ತು ಗುರುತಿದ್ದರೆ ಎಷ್ಟು ಜೂಮ್ ಮಾಡಿದರೂ ಬೇರೆಯಾಗುವುದಿಲ್ಲ. ಆಗ ಪ್ಲಗಿನ್ ಜೇಡನ ಕಾಲಿನ ಹಾಗೆ ಗೆರೆ ಎಳೆದು ಅವನ್ನು ಸುತ್ತಲೂ ಇಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಜೇಡನ ಹೆಸರಿಂದಲೇ ಕ್ರಿಯಾಪದ ಮಾಡಿಕೊಂಡಿದ್ದಾರೆ. ನಮಗೆ 'ಹರಡು' ಸಾಕು ಅಂದುಕೊಂಡಿದ್ದೇನೆ.

ಉಳಿದಿರುವುದು ಎರಡು ಅನುಮಾನ. ಗೊಂಚಲಿಗೆ ಒಂದು ತೊಟ್ಟು ಇರುತ್ತದೆ, ಬೀಗದ ಕೈಗಳಿಗೂ ಒಂದು ಬಳೆ ಇರುತ್ತದೆ. ನಕ್ಷೆಯ ಗುರುತುಗಳಿಗೆ ಅಂಥದ್ದೇನಿಲ್ಲ. ಓದುವವರಿಗೆ ಇದು ತೊಡಕಾದೀತೇ?

ಇನ್ನೊಂದು ಕ್ರಿಯಾಪದದ್ದು. ಸಾಲುಗಟ್ಟು, ಹೆಪ್ಪುಗಟ್ಟು ಇರುವಾಗ 'ಗೊಂಚಲುಗಟ್ಟು' ಅನ್ನಬಹುದೇ? 'ದೂರ ಸರಿದಂತೆ ಗುರುತುಗಳು ಗೊಂಚಲುಗಟ್ಟುತ್ತವೆ' ಅನ್ನುವುದು ನನ್ನ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಆದರೆ ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯವನ್ನು ಆನ್ ಮಾಡುವ ಕಡೆ 'ಗೊಂಚಲುಗಟ್ಟಿಸು' ಅಂದರೆ ಭಾರವಾಯಿತು. ಅಲ್ಲಿ ಸುಮ್ನೆ 'ಗೊಂಚಲು ಮಾಡು' ಅಂತ ಬರೆದಿಟ್ಟಿದ್ದೇನೆ. ನೀವಾದರೆ ಏನು ಬರೆಯುತ್ತಿದ್ದಿರಿ? ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಬೇರೆ ಪದ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆ ತಿಳಿಸಿ.